ಮೂವತ್ತೇಳು ಬಾತುಕೋಳಿ

ಜನವರಿ 7, ಮಂಗಳವಾರ

ಇವತ್ತು ಮೂರು ತಲೆ. ಮೂರೂ ಎಣ್ಣೆ ತಲೆ. ಎಣ್ಣೆ ಹಚ್ಚಬೇಡಿ ಅಂತ ಫೋನಿನಲ್ಲಿ ಎಷ್ಟು ಹೇಳಿದರೂ ಅಷ್ಟೇ. ಡಾಕ್ಟರ ಮುಂದೆ ಮಗು ಒಣಗಿದ ತಲೆಯಲ್ಲಿ ಕೂತರೆ ಮಾನ ಹೋಗುತ್ತದೆ ಅಂತ ತಾಯಂದಿರು ಇನ್ನೊಂದು ಹಿಡಿ ಹೆಚ್ಚೇ ತಟ್ಟಿ ಕರೆತರುತ್ತಾರೆ. ಎರಡೆರಡು ಸಲ ಶಾಂಪೂ. ಒರೆಸಿ, ಮಿದುಳಿನ ಅಲೆ ಹಿಡಿಯುವ ಟೋಪಿ ಹಾಕಿ, ಅದರ ಮೂವತ್ತೆರಡು ತೂತಿಗೂ ಸಿರಿಂಜಿನಿಂದ ಜೆಲ್. ಸೂಜಿ ಮೊಂಡು, ಚುಚ್ಚುವುದಿಲ್ಲ. ಆದರೂ ಮಕ್ಕಳು ಸೂಜಿ ಅಂದರೆ ಸೂಜಿ. ನನ್ನ ಕೈ ಮೇಲೆ ಒತ್ತಿ ತೋರಿಸಿದ ಮೇಲೇ ತಲೆ ಕೊಡುವುದು.

ಕಂಪ್ಯೂಟರಿನಲ್ಲಿ ಒಂದು ತಲೆಯ ಚಿತ್ರ ಬರುತ್ತದೆ. ಜೆಲ್ ಸರಿಯಾಗಿ ಕೂತ ಕಡೆ ಕೆಂಪು ಚುಕ್ಕೆ ಹಸಿರಾಗುತ್ತದೆ. ಎಲ್ಲಾ ಹಸಿರಾದರೆ ಟೋಪಿ ಸರಿಯಾಗಿ ಕೂತಿದೆ ಅಂತ. ಅಷ್ಟೇ ಅರ್ಥ.

ಅವ್ವ ಮಂಡಕ್ಕಿ ಭಟ್ಟಿಯಿಂದ ಬಂದವಳು ಕೇಳಿದಳು — ಮಕ್ಕಳ ತಲೆಗೆ ಅಂಟು ಹಚ್ಚೋದು ಒಂದು ಕೆಲಸಾ ಅಂತ. ಹೇಳಿದೆ. ನಮ್ಮ ಡಾಕ್ಟರು ಸುಷ್ಮಾ ಮೇಡಂ ಹೊಸ ಪರೀಕ್ಷೆ ಮಾಡ್ತಿದಾರೆ. ಗಮನ ನಿಲ್ಲದ ಮಕ್ಕಳನ್ನ ಈಗ ತಾಯಿಗೆ, ಮೇಷ್ಟ್ರಿಗೆ ಪ್ರಶ್ನೆ ಕೇಳಿ ಗುರುತಿಸ್ತಾರೆ. ಒಬ್ಬರು ಹೌದು ಅಂತಾರೆ, ಒಬ್ಬರು ಬರೀ ತುಂಟ ಅಂತಾರೆ. ಮಿದುಳಿನ ಅಲೆ ನೋಡಿಯೇ ಹೇಳೋ ಹಾಗಾದರೆ ಜಗಳ ಇಲ್ಲ. ಅದಕ್ಕೆ ತೊಂದರೆ ಇರೋ ಅರವತ್ತು ಮಕ್ಕಳು, ಇಲ್ಲದ ಅರವತ್ತು ಮಕ್ಕಳು ಬೇಕು.

ಅವ್ವ ಅಂದಳು: "ನಿನ್ನೂ ಒಂದು ಸಲ ಕೂಡ್ರಿಸಿ ನೋಡಿದ್ರಾ?"

ನಗಲಿಲ್ಲ ನಾನು.

ಜನವರಿ 9

ಬರೆದರೆ ಹಗುರಾಗುತ್ತದೆ ಅಂತ ಬರೆಯುತ್ತಿದ್ದೇನೆ. ಔಷಧಿ ಕಂಪನಿಯವರು ಕೊಟ್ಟ ಡೈರಿ, ಮೇಡಂ ನನಗೆ ಕೊಟ್ಟಿದ್ದು. ಯಾರೂ ಓದುವುದಿಲ್ಲ. ಅವ್ವನಿಗೆ ಓದಲು ಬರುವುದಿಲ್ಲ.

ಇವತ್ತೂ ಮುಟ್ಟಿದೆ.

ಶುರುವಾದದ್ದು ಹೋದ ವರ್ಷ, ಶಿವು ಅನ್ನೋ ಹುಡುಗ ಬಂದಾಗ. ಕುರ್ಚಿಯ ಮುಂದೆ ಟಿ.ವಿ. ಅದರಲ್ಲಿ ಒಂದಾದ ಮೇಲೊಂದು ಚಿತ್ರ — ಕಪ್ಪೆ, ಕುರಿ, ಕಾಗೆ, ಮತ್ತೆ ಕಾಗೆ. ನಡುವೆ ಬಾತುಕೋಳಿ. ಬಾತುಕೋಳಿ ಕಂಡರೆ ಮಾತ್ರ ಗುಂಡಿ ಒತ್ತಬೇಕು. ಒಟ್ಟು ನಲವತ್ತು ಬಾತುಕೋಳಿ. ಹನ್ನೆರಡು ನಿಮಿಷ. ತಪ್ಪಿದರೆ ಟಿ.ವಿ. ಟಂಯ್ ಅನ್ನುತ್ತದೆ. ಶಿವು ಮೊದಲ ಆರನ್ನೂ ತಪ್ಪಿಸಿದ. ಆರನೇ ಟಂಯ್‌ಗೆ ಅವನ ಕಿವಿ ಕೆಂಪಾಯಿತು. ನಾನು ಕುರ್ಚಿಯ ಹಿಂದೆ ಸ್ಟೂಲಿನ ಮೇಲೆ ಇರುತ್ತೇನೆ, ಮಗು ಹೆದರದಿರಲಿ ಅಂತ. ಚಿತ್ರ ಶುರುವಾದ ಮೇಲೆ ಮಾತಾಡಬಾರದು, ಮುಟ್ಟಬಾರದು. ಮೇಡಂ ಮೊದಲ ದಿನವೇ ಹೇಳಿದ್ದರು. ಏಳನೇ ಬಾತುಕೋಳಿ ಬಂತು. ನನ್ನ ಎರಡು ಬೆರಳು ತಾವಾಗಿಯೇ ಹೋಗಿ ಅವನ ಬೆನ್ನಿಗೆ ತಾಗಿದವು. ಒತ್ತಿದ. ಟಂಯ್ ಬರಲಿಲ್ಲ.

ಆಮೇಲೆ ಎಂಟನೇದು. ಒಂಬತ್ತನೇದು.

ಕ್ಯಾಮೆರಾ ಮಗುವಿನ ಮುಖ ಮಾತ್ರ ನೋಡುತ್ತದೆ. ಅಲೆಗಳನ್ನು ನೋಡುವ ಅಂಜನಕುಮಾರ ಸರ್ ಪಕ್ಕದ ಕೋಣೆಯಲ್ಲಿ ಕಂಪ್ಯೂಟರ್ ಮುಂದೆ. ಯಾರಿಗೂ ಗೊತ್ತಿಲ್ಲ. ಎಲ್ಲರಿಗೂ ಮಾಡುವುದಿಲ್ಲ. ಕಿವಿ ಕೆಂಪಾದವರಿಗೆ ಮಾತ್ರ.

ಆ ಟಂಯ್ ನನಗೆ ಕೇಳಲು ಆಗುವುದಿಲ್ಲ.

ಜನವರಿ 16, ಗುರುವಾರ

ಆಲಿಯಾ. ಒಂಬತ್ತು ವರ್ಷ, ನಾಲ್ಕನೇ ಕ್ಲಾಸು. ಹರಿಹರದಿಂದ ಅವಳ ಅಜ್ಜಿ ಹಜೀರಾಬೀ ಬಸ್ಸಿನಲ್ಲಿ ಕರೆತಂದಿದ್ದರು. ತಾಯಿ ಬಾಣಂತಿ. ತಂದೆ ಇಜಾಜ್ ಅಲ್ಲೇ ಆಟೋ ಓಡಿಸುತ್ತಾನಂತೆ. ಶಾಲೆಯ ಟೀಚರು ಚೀಟಿ ಬರೆದು ಕಳಿಸಿದ್ದರು — ಹುಡುಗಿ ಕೂತಲ್ಲೇ ಕೂರುತ್ತಾಳೆ, ಏನೂ ಕಿವಿಗೆ ಹಾಕಿಕೊಳ್ಳುವುದಿಲ್ಲ.

ನಿಜ. ತುಂಟಿ ಅಲ್ಲ. ಕೂತಿರುತ್ತಾಳೆ, ಆದರೆ ಇಲ್ಲಿ ಇರುವುದಿಲ್ಲ. ಜೆಲ್ ಹಾಕುವಾಗ ಅರ್ಧ ಗಂಟೆ ಮೇಲೆ ನೋಡುತ್ತಿದ್ದವಳು ಕೊನೆಗೆ ಕೇಳಿದಳು: "ಅಕ್ಕಾ, ಫ್ಯಾನಿಗೆ ಮೂರೇ ರೆಕ್ಕಿ ಯಾಕ?" ನನಗೂ ಗೊತ್ತಿರಲಿಲ್ಲ. ಇಬ್ಬರೂ ನೋಡಿದೆವು.

ಚಿತ್ರ ಶುರುವಾಯಿತು. ಟಂಯ್. ಟಂಯ್. ಅವಳು ಗುಂಡಿಯನ್ನೇ ಮರೆತಿದ್ದಳು. ಕಿವಿ ಕೆಂಪಾಗಲಿಲ್ಲ ಇವಳದು. ಕುತ್ತಿಗೆ ಒಳಗೆ ಎಳೆದುಕೊಂಡಳು, ಹಿಂದಿನಿಂದ ಪೆಟ್ಟು ಬೀಳುತ್ತದೆ ಅನ್ನುವವಳ ಹಾಗೆ. ಮುಟ್ಟಿದೆ. ಆಮೇಲೆ ಬಿಡಲಿಲ್ಲ.

ಮೂವತ್ತೇಳು. ಟಿ.ವಿ.ಯಲ್ಲಿ ದೊಡ್ಡದಾಗಿ ಬಂತು. ಅವಳು ಆ ಅಂಕಿಯನ್ನು ಬಹಳ ಹೊತ್ತು ನೋಡಿದಳು.

ಹೊರಗೆ ಹಜೀರಾಬೀ ಕಾಯುತ್ತಿದ್ದರು. ಏನು ಬಂತಮ್ಮಾ ಅಂದರು. ಯಾರು ಕೇಳಿದರೂ "ಮೇಡಂ ಹೇಳ್ತಾರೆ" ಅನ್ನಬೇಕು ನಾನು, ಅದೊಂದೇ ಮಾತು. ಮೊದಲು ಮಿಷಿನ್ ನೋಡುತ್ತದೆ, ವಾರ ಬಿಟ್ಟು ಮೇಡಂ ಕೂತು ಮಾತಾಡಿ ನಿಜವಾದ ತಪಾಸಣೆ ಮಾಡುತ್ತಾರೆ. ಮಿಷಿನ್ನಿನದು ಇನ್ನೂ ಪರೀಕ್ಷೆಯ ಪರೀಕ್ಷೆ, ಅದರ ಮಾತು ಮಾತಲ್ಲ. ಇಷ್ಟೆಲ್ಲ ನನಗೆ ಗೊತ್ತು. ಆದರೆ ಆ ಮುದುಕಿ ಸೆರಗಿನ ತುದಿಯನ್ನು ಬಾಯಿಗೆ ಒತ್ತಿ ಹಿಡಿದು ನಿಂತಿದ್ದರು.

ಚಲೋ ಬಂದೈತೆ ಅಮ್ಮಾ, ಅವಳಿಗೆ ಏನೂ ಇಲ್ಲ ಅಂದೆ.

"ಏನಾರ ಒಂದು ಕಾಗ್ದ ಕೊಡು ತಾಯಿ. ನನ್ ಮಗ ಬಾಯಿ ಮಾತು ನಂಬಂಗಿಲ್ಲ. ಬಸ್ಸಿಂದ ಇಳುದ್ರ ಟಿಕೀಟು ತೋರ್ಸು ಅಂತಾನ ನನಗೇ."

ಪ್ರಿಂಟರಿನ ತಟ್ಟೆಯಲ್ಲಿ ತಲೆಯ ಚಿತ್ರದ ಹಾಳೆ ಬಿದ್ದಿತ್ತು. ಆಲಿಯಾಳದ್ದೇ. ಮೂವತ್ತೆರಡು ಹಸಿರು ಚುಕ್ಕೆ, ಮೇಲೆ ಕ್ಲಿನಿಕ್ಕಿನ ಹೆಸರು. ಕೊಟ್ಟೆ. ಹಜೀರಾಬೀ ಅದನ್ನು ಕಣ್ಣಿಗೆ ಒತ್ತಿಕೊಂಡು ಮಡಚಿ ಇಟ್ಟುಕೊಂಡರು.

ಜನವರಿ 17

ನಿನ್ನೆ ಖುಷಿಯಾಗಿತ್ತು. ಇವತ್ತು ಅಷ್ಟಿಲ್ಲ.

ಜನವರಿ 24, ಶುಕ್ರವಾರ

ಆಲಿಯಾ ಬರಲಿಲ್ಲ. ಮೇಡಂ ಹತ್ತರಿಂದ ಹನ್ನೆರಡರ ತನಕ ಅವಳಿಗಾಗಿ ಇಟ್ಟಿದ್ದರು. ಫೋನ್ ಮಾಡು ಅಂದರು. ಮಾಡಿದೆ. ಹಜೀರಾಬೀ ನಕ್ಕರು — ಇನ್ಯಾಕಮ್ಮಾ ಬರೋದು, ಕಾಗದದಾಗ ಎಲ್ಲಾ ಹಸಿರೇ ಐತಲ್ಲ, ಇಜಾಜ್ ನೋಡಿ ಖುಷಿ ಆದ, ಶಾಲಿಗೂ ಒಯ್ದು ತೋರಿಸಿದ.

ಮೇಡಂಗೆ ಹೇಳಿದೆ: ಫೋನ್ ಎತ್ತುತ್ತಿಲ್ಲ.

ಸುಳ್ಳು ಹೇಳುವಾಗ ನನ್ನ ಧ್ವನಿ ನಡುಗುವುದಿಲ್ಲ. ನಿಜ ಹೇಳುವಾಗ ನಡುಗುತ್ತದೆ. ಯಾಕೆ ಹೀಗೆ?

ಫೆಬ್ರವರಿ 11, ಮಂಗಳವಾರ, ಮಧ್ಯಾಹ್ನ

ಅಂಜನಕುಮಾರ ಸರ್ ಕುಣಿಯುವುದೊಂದು ಬಾಕಿ. ಅವರು ಇಂಜಿನಿಯರ್, ಅಲೆಗಳನ್ನೆಲ್ಲ ಒಟ್ಟು ಹಾಕಿ ಲೆಕ್ಕ ನೋಡುವವರು. ಬಾಗಿಲಲ್ಲಿ ಚಹಾ ಹಿಡಿದು ನಿಂತಿದ್ದ ನನ್ನನ್ನೂ ಕರೆದು ತೋರಿಸಿದರು. ಬಾತುಕೋಳಿ ಕಂಡಾಗ ಮಿದುಳಿನಲ್ಲಿ ಒಂದು ಅಲೆ ಏಳುತ್ತದೆ, ಗುಡ್ಡದ ಹಾಗೆ. ಗಮನ ನಿಲ್ಲದ ಮಕ್ಕಳಲ್ಲಿ ಆ ಗುಡ್ಡ ಸಣ್ಣದಾಗಿ ಬರುತ್ತದೆ ಅಂತ ಅವರ ಎಣಿಕೆ. ಆದರೆ ಹತ್ತೊಂಬತ್ತು ಮಕ್ಕಳಲ್ಲಿ ಸಣ್ಣ ಗುಡ್ಡದ ಹಿಂದೆ, ಸ್ವಲ್ಪ ತಡವಾಗಿ, ಇನ್ನೊಂದು ಗುಡ್ಡ ಎದ್ದಿದೆ. ಅವರಲ್ಲಿ ಮೇಡಂ ತಪಾಸಣೆ ಮುಗಿದವರೆಲ್ಲ ತೊಂದರೆ ಇರುವ ಮಕ್ಕಳೇ. ಎಲ್ಲರೂ ತಡವಾಗಿ, ಆದರೆ ತಪ್ಪದೆ ಒತ್ತಿದ್ದಾರೆ.

ಇದು ಬೇರೆ ಎಲ್ಲೂ ಕಂಡಿಲ್ಲವಂತೆ.

"ಇಷ್ಟು ದಿನ ದಾವಣಗೆರೆ ಅಂದ್ರೆ ದೋಸೆ ಅಂತಿದ್ರು. ಇನ್ಮೇಲೆ ಗುಡ್ಡ ಅಂತಾರೆ ನೋಡು ರೇವತಿ," ಅಂದರು.

ಮೇಡಂ ನಗಲಿಲ್ಲ. ಗುಡ್ಡವನ್ನೇ ನೋಡುತ್ತ, ಮತ್ತೆ ಮತ್ತೆ ನೋಡೋಣ, ಗಡಿಬಿಡಿ ಬ್ಯಾಡ ಅಂದರು. ಸರ್ ಅಷ್ಟರಲ್ಲೇ ಹೈದರಾಬಾದಿನ ಯಾವುದೋ ಸಭೆಗೆ ಬರೆದು ಕಳಿಸಲು ಕೂತರು.

ಹತ್ತೊಂಬತ್ತು. ನಾನು ಎಣಿಸಿಟ್ಟಿರಲಿಲ್ಲ. ಮಿಷಿನ್ ಎಣಿಸಿ ಇಟ್ಟಿದೆ.

ಆ ಗುಡ್ಡ ನನ್ನ ಎರಡು ಬೆರಳು.

ಫೆಬ್ರವರಿ 13, ಬೆಳಿಗ್ಗೆ, ನೀರು ಬರುವ ತನಕ

ಹಳೆಯದು ನೆನಪಾಗುತ್ತಿದೆ. ಬೇಡ ಅಂದರೂ.

ನಾನು ಐದನೇ ಕ್ಲಾಸಿನಲ್ಲಿ. ಆಲಿಯಾಳ ಹಾಗೆಯೇ ಕೂತಲ್ಲೇ ಇದ್ದು ಎಲ್ಲೋ ಹೋಗುತ್ತಿದ್ದೆ. ಮಗ್ಗಿ ಅರ್ಧಕ್ಕೆ ನಿಲ್ಲುತ್ತಿತ್ತು. ಹಾಲು ಉಕ್ಕಿ ಹೋಗುತ್ತಿತ್ತು. ಗಾಳಿ ಸೋಕಿದೆ ಅಂತ ಸೋದರತ್ತೆ ಹೇಳಿದಳು. ಅಮಾವಾಸ್ಯೆಗೆ, ಗಾಳಿ ಬಿಡಿಸುವ ಉಕ್ಕಡಗಾತ್ರಿಗೆ ಕರೆದುಕೊಂಡು ಹೋದರು. ಹೊಳೆಯಲ್ಲಿ ಮುಳುಗಿಸಿ ಎಬ್ಬಿಸಿ, ಒದ್ದೆ ಬಟ್ಟೆಯಲ್ಲಿ ನಿಲ್ಲಿಸಿ ಅತ್ತೆ ಕೇಳಿದಳು — ಯಾರು ನೀನು, ನಮ್ಮ ಹುಡುಗಿನ ಯಾಕ ಹಿಡಿದಿ, ಹೆಸರು ಹೇಳು.

ನಾನು ಯಾರೂ ಆಗಿರಲಿಲ್ಲ. ನಾನೇ ಆಗಿದ್ದೆ. ಆದರೆ ಎಲ್ಲರೂ ನನ್ನ ಬಾಯನ್ನೇ ನೋಡುತ್ತಿದ್ದರು. ಚಳಿ. ಏನಾದರೂ ಹೇಳಿದರೆ ಮುಗಿಯುತ್ತದೆ ಅನ್ನಿಸಿತು. ಕಮಲಕ್ಕ ಅಂದೆ. ನಮ್ಮ ಓಣಿಯವಳು, ಆ ಮಳೆಗಾಲದಲ್ಲಿ ತೀರಿಕೊಂಡಿದ್ದಳು. ನನಗೆ ದಿನಾ ಪುಟಾಣಿ ಬೆಲ್ಲ ಕೊಡುತ್ತಿದ್ದಳು. ಬಾಯಿಗೆ ಬಂದ ಹೆಸರು ಅದು.

ಎಲ್ಲರಿಗೂ ಸಮಾಧಾನವಾಯಿತು. ಊರಿಗೆ ಬಂದ ಮೇಲೆ ಓಣಿಯವರು ಕಮಲಕ್ಕನ ಮನೆಗೆ ಹೋಗುವುದು ಬಿಟ್ಟರು. ಅವಳ ಗಂಡ ಜಂಬಯ್ಯ ಒಂದು ಸಂಜೆ ನಮ್ಮ ಬಾಗಿಲಿಗೆ ಬಂದು ನನ್ನನ್ನು ನೋಡಿ ಇಷ್ಟೇ ಅಂದ: "ನನ್ ಹೆಂಡ್ತಿ ಹಂಗೆ ಬರಾಕಿ ಅಲ್ಲ ಮಗಾ."

ಬೈದಿದ್ದರೆ ಮರೆಯುತ್ತಿದ್ದೆ.

ನೀರು ಬಂತು.

ಮಾರ್ಚ್ 19, ಬುಧವಾರ

ಒಂದು ತಿಂಗಳು ಬರೆದಿಲ್ಲ. ಮುಟ್ಟಿಯೂ ಇಲ್ಲ. ಸ್ಟೂಲನ್ನು ಗೋಡೆಗೆ ಸರಿಸಿಕೊಂಡು ಕೂರುತ್ತೇನೆ. ಕೈ ಕಟ್ಟಿಕೊಂಡು ಟಂಯ್ ಎಣಿಸುತ್ತೇನೆ. ಹೊಸ ಮಕ್ಕಳಲ್ಲಿ ಗುಡ್ಡ ಬರುತ್ತಿಲ್ಲ ಅಂತ ಸರ್ ತಲೆ ಕೆರೆದುಕೊಳ್ಳುತ್ತಿದ್ದಾರೆ. ಬೇಸಿಗೆಗೆ ಜೆಲ್ ಕೆಟ್ಟಿರಬೇಕು ಅಂದರು.

ಇವತ್ತು ಹಜೀರಾಬೀ ತಾವೇ ಫೋನ್ ಮಾಡಿದರು. ರಂಜಾನಿನ ರೋಜಾ ಇದ್ದಾರೆ, ಧ್ವನಿ ಒಣಗಿತ್ತು. ಕೇಳಿದ್ದು ಏನು ಅಂದರೆ:

"ತಾಯಿ, ಸೊಕ್ಕಿಗೆ ಏನಾರ ಮಿಷಿನ್ ಐತೇನು ನಿಮ್ಮಲ್ಲಿ?"

ಅರ್ಥವಾಗಲಿಲ್ಲ. ನಿಧಾನಕ್ಕೆ ಬಿಡಿಸಿ ಹೇಳಿದರು. ಆಲಿಯಾ ಶಾಲೆಯಲ್ಲಿ ಮೊದಲಿನಂತೆಯೇ. ಬರೆದುಕೊಂಡು ಬಾ ಅಂದರೆ ಬರೆದಿಲ್ಲ. ಅಂಗಡಿಗೆ ಕಳಿಸಿದರೆ ಏನು ತರಬೇಕು ಅನ್ನುವುದು ಮರೆತು ಬರಿಗೈಲಿ ಬರುತ್ತಾಳೆ. ಟೀಚರು ಮತ್ತೆ ಡಾಕ್ಟರಿಗೆ ತೋರಿಸಿ ಅಂದರಂತೆ. ಇಜಾಜ್ ಆ ಕಾಗದ ಮುಂದೆ ಹಿಡಿದನಂತೆ — ದಾವಣಗೆರಿ ಮಿಷಿನ್ನೇ ಹೇಳೈತೆ ತಲಿ ಸರಿ ಐತೆ ಅಂತ. ತಲಿ ಸರಿ ಇದ್ದೂ ಹಿಂಗೆ ಮಾಡ್ತಾಳ ಅಂದ್ರ ಅದು ಬರೀ ಸೊಕ್ಕು. ಸೊಕ್ಕಿಗೆ ಮದ್ದು ತನಗೆ ಗೊತ್ತು ಅಂದನಂತೆ. ಮನೆಗೆ ಬಂದು ಹೊಡೆದ. ಪರೀಕ್ಷೆ ಮುಗಿದ ಮೇಲೆ ಶಾಲೆ ಸಾಕು, ಮನೆಯಲ್ಲಿ ಕೂಸು ಆಡಿಸಲಿ ಅಂದಿದ್ದಾನೆ.

ಕಾಗದವನ್ನು ಬಾಗಿಲ ಹಿಂದೆ ಅಂಟಿಸಿದ್ದಾರಂತೆ.

ಮಿಷಿನ್ ಇಲ್ಲಮ್ಮಾ ಅಂದೆ. ಅಷ್ಟೇ ಅಂದೆ.

ಮಾರ್ಚ್ 20

ಮೇಡಂ ಬಾಗಿಲಲ್ಲಿ ಮೂರು ಸಲ ನಿಂತೆ. ಏನು ರೇವತಿ ಅಂದರು. ಟಿಶ್ಯೂ ಖಾಲಿ ಆಗಿದೆ ಅಂದೆ. ಹತ್ತಿ ಖಾಲಿ ಆಗಿದೆ ಅಂದೆ. ಮೂರನೇ ಸಲ ಬಾಗಿಲು ಎಳೆದುಕೊಂಡು ಬಂದೆ.

ನಾಚಿಕೆಯಿಂದಲ್ಲ. ನಾಚಿಕೆ ಅಂತ ನನಗೆ ನಾನೇ ಹೇಳಿಕೊಳ್ಳುತ್ತೇನೆ. ಭಯ. ಕಸ ಗುಡಿಸಲು ಸೇರಿದವಳು ನಾನು. ಜಡೆ ಹಾಕುವ ಕೈ ಚೆನ್ನಾಗಿದೆ ಅಂತ ಮೇಡಂ ಟೋಪಿ ಕೆಲಸಕ್ಕೆ ಹಚ್ಚಿದರು. ಮೂವತ್ತೆರಡು ತೂತಿಗೆ ಜೆಲ್ ತುಂಬುವಾಗ ಮಾತ್ರ ನನ್ನ ತಲೆ ಎಲ್ಲೂ ಹೋಗುವುದಿಲ್ಲ. ಜೀವನದಲ್ಲಿ ಅದೊಂದೇ ಕೋಣೆ ಹಾಗೆ. ಅದನ್ನು ಕಳೆದುಕೊಳ್ಳಬೇಕು.

ನನಗೆ ಕೋಣೆ, ಅವಳಿಗೆ ಶಾಲೆ. ತೂಗಿ ನೋಡುತ್ತಿದ್ದೇನೆ ಅಂದರೆ ಎಂಥವಳು ನಾನು.

ಏಪ್ರಿಲ್ 8, ಮಂಗಳವಾರ

ಹೇಳಿದೆ. ಮೇಡಂಗೆ ಅಲ್ಲ. ಅಂಜನಕುಮಾರ ಸರ್‌ಗೆ.

ಒಬ್ಬರೇ ಇದ್ದರು. ಗುಡ್ಡದ ಚಿತ್ರ ಎದುರಿಗೇ ಇತ್ತು. ಸರ್, ಅದು ನಾನು ಅಂದೆ. ಏನು ನೀನು ಅಂದರು. ಬೆರಳು ತೋರಿಸಿದೆ. ಹೇಳುತ್ತಾ ಹೋದೆ. ಅವರು ಮೊದಲು ನಕ್ಕರು, ಆಮೇಲೆ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಬೈಯಲಿಲ್ಲ. ಬಹಳ ಹೊತ್ತು ಕಣ್ಣು ಉಜ್ಜಿಕೊಂಡರು. ಹೈದರಾಬಾದಿನವರು ಒಪ್ಪಿಕೊಂಡು ಪತ್ರ ಬರೆದಿದ್ದರಂತೆ, ಹೋದ ವಾರವೇ.

ಕೊನೆಗೆ ಅಂದರು: "ಮೇಡಂಗೆ ಹೇಳಬ್ಯಾಡ. ಆ ಹತ್ತೊಂಬತ್ತನ್ನ ಸರಿಯಾಗಿ ಬಂದಿಲ್ಲ ಅಂತ ನಾನೇ ತೆಗೆದುಬಿಡ್ತೀನಿ. ಮಕ್ಕಳು ಅಲುಗಾಡಿದ್ರು ಅಂತ ತೆಗೆಯೋದು ದಿನಾ ಇದ್ದದ್ದೇ. ಪರೀಕ್ಷೆಗೆ ಏನೂ ಆಗಲ್ಲ. ನಿನ್ನ ಕೆಲಸಾನೂ ಹೋಗಲ್ಲ."

ಒಳ್ಳೆಯವರು. ಹೂಂ ಅಂದೆ.

ಏಪ್ರಿಲ್ 10

ಎರಡು ದಿನ ಹೊಟ್ಟೆ ತುಂಬ ಉಂಡೆ. ಅವ್ವ ಗಮನಿಸಿ ಕೇಳಿದಳು, ಏನು ಬಂತು ನಿಂಗೆ ಅಂತ.

ಇವತ್ತು ಕೈ ತೊಳೆಯುವಾಗ ಹೊಳೆಯಿತು. ಹತ್ತೊಂಬತ್ತೂ ಕಂಪ್ಯೂಟರಿನಿಂದ ಹೋಗುತ್ತವೆ. ಹರಿಹರದ ಬಾಗಿಲ ಹಿಂದಿನದು ಹೋಗುವುದಿಲ್ಲ.

ಮೇ 19, ಸೋಮವಾರ

ರಜೆ ಮುಗಿಯುತ್ತಾ ಬಂತು. ಇಪ್ಪತ್ತೊಂಬತ್ತಕ್ಕೆ ಶಾಲೆ ಶುರು. ಹಜೀರಾಬೀಗೆ ನಾನೇ ಫೋನ್ ಮಾಡಿದೆ. ಆಲಿಯಾ ಹೇಗಿದ್ದಾಳೆ ಅಂದೆ. ಫೋನ್ ಎತ್ತಿದ್ದವಳು ಆಲಿಯಾಳೇ. ಹಿಂದೆ ಕೂಸು ಅಳುತ್ತಿತ್ತು. ಏನು ಮಾಡ್ತಿದ್ದಿ ಅಂದರೆ, ತೊಟ್ಟಿಲು ತೂಗಾಕತ್ತೀನಿ, ಒಂದು ಸಲ ಮರ್ತೆ, ಅದಕ್ಕ ಅಳಾಕತ್ತೈತಿ ಅಂದಳು. ಶಾಲೆ ಅಂದೆ. ಶಾಲಿ ಇಲ್ಲ ಈಗ ಅಂದಳು. ಅಳು ಇಲ್ಲ ಮಾತಿನಲ್ಲಿ. ಶಾಲೆ ಯಾವುದೋ ಬೇರೆ ಊರಿನ ಸುದ್ದಿ ಅನ್ನುವ ಹಾಗೆ.

ನನ್ನ ಶಾಲೆ ಬಿಡಿಸಿದ ಮೇಲೆ ನಾನೂ ಹೀಗೇ ಹೇಳಿದ್ದೆ, ಯಾರಾದರೂ ಕೇಳಿದಾಗ.

ನಾಳೆ.

ಮೇ 20

ಮೇಡಂಗೆ ಹೇಳಿದೆ. ಎಲ್ಲವನ್ನೂ. ಸರ್ ತೆಗೆದುಬಿಡುತ್ತೇನೆ ಅಂದದ್ದನ್ನು ಹೇಳಬಾರದು ಅಂದುಕೊಂಡಿದ್ದೆ, ಅದೂ ಬಂದುಬಿಟ್ಟಿತು. ಅವರಿಗೂ ದ್ರೋಹ ಮಾಡಿದ ಹಾಗಾಯಿತು.

ಮೇಡಂ ಎದ್ದರು. ಕೋಣೆಗೆ ಕರೆದುಕೊಂಡು ಹೋಗಿ ಮಕ್ಕಳ ಕುರ್ಚಿಯಲ್ಲಿ ತಾವೇ ಕೂತರು. ಟಿ.ವಿ. ಹಚ್ಚಿದರು.

"ಹೆಂಗೆ ಮುಟ್ತಿದ್ದೆ, ತೋರ್ಸು."

ಮೇಡಂ ಬೆನ್ನು. ಹತ್ತಿ ಸೀರೆ. ನನ್ನ ಕೈ ಹೋಗಲಿಲ್ಲ. ಬಾತುಕೋಳಿ ಬಂದು ಹೋಯಿತು, ಟಂಯ್ ಅಂತು. ಎರಡನೆಯದಕ್ಕೆ ತಾಗಿಸಿದೆ. ಅವರು ಒತ್ತಲಿಲ್ಲ.  ಇನ್ನೂ ನಾಲ್ಕು ಬಾತುಕೋಳಿ ಹೋದ ಮೇಲೆ ಟಿ.ವಿ. ಆರಿಸಿದರು.

ಇಷ್ಟು ಹಗುರಾ, ಅಂದರು. ಆಮೇಲೆ ಧ್ವನಿ ಬದಲಾಯಿತು. ಮುಟ್ಟಿದ್ದು ತಪ್ಪು, ಎರಡು ವರ್ಷದ ಕೆಲಸದಲ್ಲಿ ಹತ್ತೊಂಬತ್ತು ಮಕ್ಕಳದ್ದು ಮಣ್ಣು, ಅದನ್ನು ಹೈದರಾಬಾದಿನ ಸಭೆಯವರಿಗೆ ತಾವೇ ಬರೆದು ತಿಳಿಸಬೇಕು, ತಿಳಿಸುತ್ತಾರಂತೆ. ಅದು ತಮ್ಮ ನೋವು ಅಂದರು. "ಆದ್ರೆ ಆ ಕಾಗ್ದ ಹೆಂಗೆ ಕೊಟ್ಟೆ ರೇವತಿ? ನಾನೇ ಇನ್ನೂ ನಂಬದ ಮಿಷಿನ್ನನ್ನ ಆ ಹುಡುಗಿ ಮನಿಗೆ ಜಡ್ಜ್ ಮಾಡಿ ಕಳಿಸಿದೆಯಲ್ಲ."



ಕೆಲಸದಿಂದ ತೆಗೆಯಲಿಲ್ಲ. ಕೋಣೆಯೊಳಗೆ ಹೋಗಬಾರದು. ಮತ್ತೆ ಪೊರಕೆ. ಹತ್ತೊಂಬತ್ತು ಮಕ್ಕಳ ಹೆಸರು ಬರೆಸಿಕೊಂಡರು. ನೆನಪಿನಿಂದ ಹದಿನಾರು ಬಂತು. ಉಳಿದ ಮೂರು ಮಕ್ಕಳ ಮುಖ ಕೂಡ ಬರುತ್ತಿಲ್ಲ.

ಸರ್ ನನ್ನನ್ನು ನೋಡದೆ ಹೋದರು ಸಂಜೆ.

ಮೇ 25, ಭಾನುವಾರ

ಹರಿಹರಕ್ಕೆ ಹೋಗಿದ್ದೆ. ಮೇಡಂ ಹತ್ತೊಂಬತ್ತು ಮನೆಗೂ ತಾವೇ ಫೋನ್ ಮಾಡುತ್ತಿದ್ದಾರೆ. ಇಜಾಜ್ ಫೋನಿನಲ್ಲಿ, ಕಾಗದ ಕೊಟ್ಟವರೇ ನೀವು, ಈಗ ಸುಳ್ಳು ಅನ್ನೋರೂ ನೀವೇ ಅಂದು ಇಟ್ಟುಬಿಟ್ಟನಂತೆ. ನಾನು ಹೋಗಲಾ ಅಂದೆ. ಮೇಡಂ ಹೋಗು ಅಂದರು.

ಬಸ್ಸಿನಲ್ಲಿ ಪೂರ್ತಿ ಹೇಳಬೇಕಾದ ಮಾತನ್ನು ಬಾಯಿಪಾಠ ಮಾಡಿದೆ. ಬಸ್ ಸ್ಟ್ಯಾಂಡಿನಲ್ಲಿ ಇಳಿದಾಗ ಅರ್ಧ ಮರೆತಿತ್ತು.

ಇಜಾಜ್ ಮನೆ ಮುಂದೆ ಆಟೋ ಒರೆಸುತ್ತಿದ್ದ. ನನಗಿಂತ ಏಳೆಂಟು ವರ್ಷ ದೊಡ್ಡವನಿರಬೇಕು. ಯಾರು ಅಂದ. ಹೇಳಿದೆ. ಒಳಗೆ ಬರ್ರಿ ಅನ್ನಲಿಲ್ಲ. ಹಜೀರಾಬೀ ಒಳಗಿನಿಂದ ಬಂದು ಕೈ ಹಿಡಿದುಕೊಂಡರು, ಬಾ ತಾಯಿ ಅಂತ. ಅದು ಇನ್ನೂ ಕಷ್ಟವಾಯಿತು. ಆಲಿಯಾ ಕಾಣಲಿಲ್ಲ. ತೊಟ್ಟಿಲ ಸಪ್ಪಳ ಕೇಳುತ್ತಿತ್ತು.

ನಿಂತೇ ಹೇಳಿದೆ. ಆ ಹಸಿರು ಚುಕ್ಕೆ ಅಂದರೆ ಟೋಪಿ ಸರಿ ಕೂತಿದೆ ಅಂತ, ತಲೆ ಸರಿ ಇದೆ ಅಂತ ಅಲ್ಲ. ಒತ್ತಿದ್ದು ಅವಳು, ಆದರೆ ನಾನು ಮುಟ್ಟಿದಾಗ ಒತ್ತಿದ್ದು. ಅವಳದು ಸೊಕ್ಕಲ್ಲ. ಏನು ಅನ್ನುವುದನ್ನು ಮೇಡಂ ಕೂತು ಮಾತಾಡಿ ಹೇಳುತ್ತಾರೆ. ನನ್ನಿಂದ ತಪ್ಪಾಗಿದೆ.

ಧ್ವನಿ ನಡುಗಿತು. ನಡುಗಲಿ ಅಂತ ಬಿಟ್ಟೆ.

ಇಜಾಜ್ ಬಟ್ಟೆ ಹಿಂಡಿದ. ನೀರು ಪೂರ್ತಿ ಹೋಗುವ ತನಕ ಹಿಂಡಿದ.

"ನೀವು ಮುಟ್ಟಿದ್ದಕ್ಕ ಒತ್ತಿದ್ಲಾ?"

ಹೂಂ ಅಂದೆ.

"ನಾನೂ ಮುಟ್ಟೀನಿ ಅಕ್ಕಾ. ಬೆಲ್ಟ್ ತಗೊಂಡು. ಆ ಕಾಗ್ದ ನೋಡಿ, ಧೈರ್ಯದಿಂದ."

ಮತ್ತೆ ಒರೆಸಲು ಶುರು ಮಾಡಿದ, ಒರೆಸಿದ ಕಡೆಯೇ. ಬರುತ್ತೇವೆ ಅನ್ನಲಿಲ್ಲ. ಬರುವುದಿಲ್ಲ ಅನ್ನಲೂ ಇಲ್ಲ. ಹಜೀರಾಬೀ ಅಳುತ್ತಿದ್ದರು. ನನಗೆ ಚಹಾ ಕೊಟ್ಟರು, ಕುಡಿದೆ. ಹೇಗೆ ಕುಡಿದೆನೋ.

ಮೇ 29

ಶಾಲೆ ಶುರುವಾಯಿತು. ನಮ್ಮ ಸರಸ್ವತಿ ನಗರದ ಮಕ್ಕಳ ಬೆನ್ನಿಗೆಲ್ಲ ಹೊಸ ಚೀಲ. ಹರಿಹರದಿಂದ ಸುದ್ದಿ ಇಲ್ಲ.

ಮೇ 31

ಇಲ್ಲ.

ಜೂನ್ 2, ಸೋಮವಾರ, ಮಧ್ಯಾಹ್ನ

ಬಂದರು. ಆಟೋದಲ್ಲಿ, ಹರಿಹರದಿಂದಲೇ. ಇಜಾಜ್, ಹಜೀರಾಬೀ, ಆಲಿಯಾ. ನಾನು ಮೆಟ್ಟಿಲು ಒರೆಸುತ್ತಿದ್ದೆ. ಪಕ್ಕಕ್ಕೆ ಸರಿದೆ. ಆಲಿಯಾ ಉದ್ದವಾಗಿದ್ದಾಳೆ.

ಮಿಷಿನ್ ಹಾಕಲಿಲ್ಲ ಇವತ್ತು. ಮೇಡಂ ಎರಡು ಗಂಟೆ ಕೂತು ಮಾತಾಡಿದರು. ಟೀಚರಿಗೂ ಫೋನ್ ಹಚ್ಚಿ ಕೇಳಿದರು. ಬಾಗಿಲು ಅರ್ಧ ತೆರೆದಿತ್ತು, ಕೊನೆಯ ಮಾತು ಹೊರಗೂ ಕೇಳಿತು. ಸೊಕ್ಕಲ್ಲ ಇಜಾಜ್, ಅವಳಿಗೆ ಗಮನ ನಿಲ್ಲಿಸೋದು ನಿಜವಾಗಿ ಕಷ್ಟ, ಇದಕ್ಕೆ ದಾರಿ ಐತೆ, ಶಾಲೆಯಲ್ಲಿ ಮುಂದೆ ಕೂಡ್ರಿಸಬೇಕು, ಒಂದೊಂದೇ ಕೆಲಸ ಹೇಳಬೇಕು, ತಿಂಗಳಿಗೊಮ್ಮೆ ಇಲ್ಲಿಗೆ ಬರ್ರಿ. ಶಾಲೆಗೆ ಒಂದು ಪತ್ರ ಬರೆದುಕೊಟ್ಟರು.

ಇದೂ ಆ ಕಾಗದದಂಗೇನಾ ಅಂತ ಇಜಾಜ್ ಕೇಳಿದ.

ಮೇಡಂ ಅಂದರು: "ಇದರಾಗ ಚುಕ್ಕೆ ಇಲ್ಲ. ನನ್ನ ಸಹಿ ಐತೆ. ತಪ್ಪಾದ್ರೆ ನನ್ನ ಬಂದು ಕೇಳ್ರಿ."

ಬುಧವಾರದಿಂದ ಶಾಲೆಗೆ ಬಿಡ್ತೀನಿ ಅಂದ. ಕೇಳಿಸಿಕೊಂಡೆ. ಸರಿಯಾಗಿಯೇ ಕೇಳಿಸಿಕೊಂಡೆ. ಒರೆಸುವ ಬಟ್ಟೆ ಕೆಳಗಿಟ್ಟು ಬಾಗಿಲ ಹೊರಗಿನ ಬೆಂಚಿನ ಮೇಲೆ ಕೂತೆ.

ಅವರು ಒಳಗೆ ಫಾರಂ ತುಂಬುವಾಗ ಆಲಿಯಾ ಹೊರಗೆ ಬಂದು ಅದೇ ಬೆಂಚಿನ ಆ ತುದಿಯಲ್ಲಿ ಕೂತಳು. ನಾನು ಸ್ವಲ್ಪ ಅಲುಗಾಡಿದ್ದಕ್ಕೇ ಭುಜ ಒಳಗೆ ಎಳೆದುಕೊಂಡಳು. ಕೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡೆ, ಅವಳಿಗೆ ಕಾಣುವ ಹಾಗೆ.

ಎಲ್ಲರಿಗೂ ಹೇಳಿದ್ದೆ, ಅವಳೊಬ್ಬಳಿಗೆ ಬಿಟ್ಟು. ಹೇಳಿದೆ. ಅವತ್ತು ನೀನು ಬಾತುಕೋಳಿ ಒತ್ತಿದ್ದು ನಾನು ಬೆನ್ನು ಮುಟ್ಟಿದಾಗ. ನಾನು ಹಾಗೆ ಮಾಡಬಾರದಿತ್ತು. ಅದಕ್ಕೇ ನಿಮ್ಮ ಅಪ್ಪನಿಗೆ ತಪ್ಪು ತಿಳೀತು. ಪೆಟ್ಟು ಬಿದ್ದದ್ದು ನನ್ನಿಂದ, ನಿನ್ನ ತಪ್ಪು ಏನೂ ಇಲ್ಲ.

ಅವಳು ಪೆಟ್ಟಿನ ಮಾತನ್ನು ಕೇಳಿಸಿಕೊಳ್ಳಲೇ ಇಲ್ಲ. ನನ್ನ ಕಡೆ ತಿರುಗಿದಳು, ಅವತ್ತಿನಿಂದ ಮೊದಲ ಸಲ.

"ಹಂಗಾರ ಅವು ನಾ ಹಿಡಿದಿದ್ದಲ್ಲಾ?"

ಮೂವತ್ತೇಳು. ಅವಳ ಮುಖ ನೋಡಿದ ಮೇಲೆ ಗೊತ್ತಾಯಿತು, ಆ ಅಂಕಿಯನ್ನು ಅವಳು ಇಷ್ಟು ದಿನ ಎಲ್ಲಿ ಇಟ್ಟುಕೊಂಡಿದ್ದಳು ಅಂತ. ಶಾಲೆಯಲ್ಲಿ, ಮನೆಯಲ್ಲಿ, ಬೆಲ್ಟಿನ ಕೆಳಗೂ.

ಎಲ್ಲಾ ಅಲ್ಲ, ಅಂದೆ. ಕೆಲವು ನಾನು ಮುಟ್ಟುವುದಕ್ಕೆ ಮೊದಲೇ ನೀನೇ ಒತ್ತಿದ್ದೆ. ಅದು ಸುಳ್ಳಲ್ಲ. ಬೆರಳು ಇನ್ನೂ ದಾರಿಯಲ್ಲಿರುವಾಗಲೇ ಅವಳ ಕೈ ಅಲುಗಿದ್ದು ನೆನಪಿದೆ. ಒಂದು ಸಲವಲ್ಲ.

ಅವಳು ಹತ್ತಿರ ಸರಿದಳು.

"ಎಷ್ಟು?"

ನಾನು ಎಣಿಸಿರಲಿಲ್ಲ. ಅವಳಿಗೂ ಗೊತ್ತಿಲ್ಲ. ಇನ್ನು ಆ ಮಿಷಿನ್ನನ್ನು ಕೇಳಿದರೂ ಮೂವತ್ತೇಳು ಅಂತಷ್ಟೇ ಹೇಳುತ್ತದೆ, ಯಾವುದು ಅವಳದು ಅಂತ ಹೇಳುವುದಿಲ್ಲ. ಎಷ್ಟು ಅಂತ ಗೊತ್ತಿಲ್ಲ ಆಲಿಯಾ, ಆದರೆ ಅವು ನಿನ್ನವೇ ಅಂದೆ.